ಮರಿದೇವರ ಓದು

ಸ್ವಾಮಿಗಳಾಗಬೇಕಾದವರಿಗೆ ಪಾಠ ಹೇಳುವುದು ನನ್ನ ಉದ್ಯೋಗವಾಗಿತ್ತು. ಹೀಗೆಂದರೆ ಈಗಿನ ತರುಣರು, ಅಂಥದೊಂದು ಉದ್ಯೋಗವೂ ಉಂಟೇ ಎಂದು ಕೇಳುತ್ತಾರೆ. ಉಂಟು. ಶಿಕಾರಿಪುರದ ಪೇಟೆಯ ಅಂಚಿನಲ್ಲಿ ನಮ್ಮ ಮಠದ ಸಂಸ್ಕೃತ ಪಾಠಶಾಲೆ ಇತ್ತು. ಮೂಲ ಮಠವಿದ್ದದ್ದು ಸೊರಬ ಸೀಮೆಯಲ್ಲಿ, ಜಡೆಯಿಂದ ಆಚೆ, ಕಾಡು ಮೊದಲಾಗುವ ಒಂದು ಹಳ್ಳಿಯಲ್ಲಿ. ಮುಂದೆ ಗದ್ದುಗೆ ಏರಬೇಕಾದವನನ್ನು ಎಳೆಯ ವಯಸ್ಸಿನಲ್ಲಿಯೇ ಆರಿಸಿ, ‘ಮರಿ’ ಎಂದು ಹೆಸರಿಟ್ಟು, ಓದಿಗೆ ಕಳುಹಿಸುವುದು ನಮ್ಮ ಕಡೆಯ ವೀರಶೈವ ಮಠಗಳ ಪದ್ಧತಿ. ಭಕ್ತರು ಅವನನ್ನು ಮರಿದೇವರು ಎನ್ನುತ್ತಾರೆ. ಅಂಥ ಮರಿಗಳಿಗೆ ವ್ಯಾಕರಣ, ಕಾವ್ಯ, ತರ್ಕ, ಧರ್ಮಶಾಸ್ತ್ರ, ಆಗಮಗಳನ್ನು ಓದಿಸುತ್ತಲೇ ನನ್ನ ತಲೆ ನರೆಯಿತು.

ಹೋದ ತಿಂಗಳು ಪಾಠಶಾಲೆಗೆ ಹೊಸದಾಗಿ ಸೇರಿದ ಇಬ್ಬರು ಅಧ್ಯಾಪಕರು ಮನೆಗೆ ಬಂದಿದ್ದರು. “ಏನು ಕಲಿಸಬೇಕು ಅಂತ ಪಠ್ಯಕ್ರಮದಲ್ಲಿ ಇದೆ. ಎಂಥವರನ್ನ ತಯಾರು ಮಾಡಬೇಕು ಅಂತ ಅದರಲ್ಲಿ ಇಲ್ಲ. ತಾವು ಬರೆದುಕೊಡಬೇಕು” ಎಂದರು. ನನ್ನ ಸಂಬಳ ಎಂದು ಏರಿತು, ಪ್ರಧಾನಾಧ್ಯಾಪಕನ ಕುರ್ಚಿ ಎಂದು ಬಂತು ಎಂಬುದರಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ರೇವಣಯ್ಯನೆಂಬ ಒಬ್ಬ ಮರಿಯ ಓದನ್ನು ಕುರಿತು ಬರೆಯುತ್ತೇನೆ. ಆ ಓದು ಏತಕ್ಕಾಗಿ ಎಂಬುದು ಐವತ್ತರ ದಶಕದ ಕೊನೆಯಲ್ಲಿ, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ನಮಗೆಲ್ಲ ತಿಳಿಯಿತು.

ಅವನು ಸೊರಬ ಪೇಟೆಯ ಬಡ ಜಂಗಮರ ಮನೆಯ ಹುಡುಗ. ಪಕ್ಕದ ಮನೆ ಗುಡಿಗಾರರದು. ಗಂಧದ ಕೆತ್ತನೆ ಮಾಡುವ ಆ ಜನರ ಜಗುಲಿಯಲ್ಲಿ ಕುಳಿತು, ಮರ ಮುಟ್ಟಲು ಬಿಡದೆ ಹೋದಾಗ, ಮಣ್ಣಿನಲ್ಲಿ ಕೈ ಪಳಗಿಸಿಕೊಂಡಿದ್ದ. ಹಿರಿಯ ಸ್ವಾಮಿಗಳು ಅವನನ್ನು ಶಿಕಾರಿಪುರಕ್ಕೆ ಕರೆತಂದ ದಿನ ನಾನು ರೂಢಿಯಂತೆ ಕೇಳಿದೆ:

“ಏನೇನು ಬರುತ್ತದಪ್ಪ ನಿನಗೆ?”

“ಮಣ್ಣಲ್ಲಿ ಬಸವಣ್ಣ ಮಾಡಾಕೆ ಬರುತ್ತೆ.”

“ಓದಲು?”

“ಅದೂ ಬರುತ್ತೆ. ಬಸವಣ್ಣನಷ್ಟು ಚೆಂದಾಗಿ ಅಲ್ಲ.”

ಹಿರಿಯ ಸ್ವಾಮಿಗಳು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದೇ ಅಪರೂಪ. ಅವರು ಮಾತಿನಲ್ಲಿ ಜಿಪುಣರು. ಆಳುಗಳಿಗೆ, ಪಂಡಿತರಿಗೆ, ಅಮಲ್ದಾರರಿಗೆ ಎಲ್ಲರಿಗೂ ಒಂದೇ ಅಳತೆಯ ಮಾತು. ಅಂದು ನನಗೆ ಹೇಳಿದ್ದಿಷ್ಟು: “ಶಾಸ್ತ್ರಿಗಳೇ, ಇವನಿಗೆ ನಿಮಗೆ ಬರೋದೆಲ್ಲ ಹೇಳಿಕೊಡಿ. ಇವನಿಗೆ ಬರೋದನ್ನ ಕಿತ್ತುಕೋಬೇಡಿ. ಮುಂದೆ ಯಾವುದು ಬೇಕಾಗುತ್ತೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇವನನ್ನ ಕರೆದ ಶಿವನಿಗೆ ಗೊತ್ತು.”

ರೇವಣಯ್ಯನ ಜೊತೆಯಲ್ಲಿಯೇ ಇನ್ನೊಬ್ಬ ವಿದ್ಯಾರ್ಥಿ ಇದ್ದ. ಬೇರೊಂದು ಮಠಕ್ಕೆ ಮರಿಯಾಗಿ ನಿಶ್ಚಯವಾಗಿದ್ದವನು. ಒಮ್ಮೆ ಕೇಳಿದ್ದನ್ನು ಮರೆಯದ ಬುದ್ಧಿ. ಅವನಿಗೆ ಪಾಠ ಹೇಳುವುದೆಂದರೆ ತುಂಬಿದ ಹೊಳೆಯಲ್ಲಿ ದೋಣಿ ಬಿಟ್ಟ ಹಾಗೆ. ಆದರೆ ಭಿಕ್ಷಾಟನೆಗೆ ಹೋದಾಗ ಕುರಿ ಕಟ್ಟಿದ ಮನೆಯೊಳಕ್ಕೆ ಅವನು ಕಾಲಿಡುತ್ತಿರಲಿಲ್ಲ. ಹೊಸಿಲಿನಲ್ಲಿ ನಿಂತು, ಮೂಗಿಗೆ ಉತ್ತರೀಯ ಹಿಡಿದು, ಆಶೀರ್ವಾದ ಮಾಡಿ ಬರುತ್ತಿದ್ದ. ಅವನ ಮಠದ ಹಿರಿಯರು ಅವನನ್ನು ಮೈಸೂರಿಗೆ ಕಳುಹಿಸಿ ಮುಂದಕ್ಕೆ ಓದಿಸಿದರು. ಒಳ್ಳೆಯ ಪ್ರಾಧ್ಯಾಪಕನಾದ. ಇಂದಿಗೂ ನನಗೆ ನಮಸ್ಕಾರ ತಿಳಿಸುತ್ತಾನೆ. ಅವನ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಅದಕ್ಕೆ ಸಲ್ಲುವ ಪೀಠ ಬೇರೆ ಇತ್ತು, ಅಷ್ಟೆ. ಇದನ್ನು ಬೇಗ ಗುರುತಿಸುವುದು ಅಧ್ಯಾಪಕನ ಧರ್ಮ. ಹೊಸಬರು ಬುದ್ಧಿವಂತ ಶಿಷ್ಯನನ್ನು ಕಂಡೊಡನೆ ಮೈಮರೆಯುತ್ತಾರೆ. ಮೈಮರೆಯಬಾರದು.

ಪಾಠದ ಕ್ರಮದಲ್ಲಿ ಆದ ದೊಡ್ಡ ಬದಲಾವಣೆಯನ್ನೂ ಇಲ್ಲಿಯೇ ಹೇಳಬೇಕು. ನನ್ನ ಗುರುಗಳ ಕಾಲದಲ್ಲಿ ಮರಿಯಾದವನು ಬೆಳಗಿನಿಂದ ಸಂಜೆಯವರೆಗೆ ಕಂಠಪಾಠ ಮಾಡುತ್ತಿದ್ದ. ಪಾಠಶಾಲೆಯ ಗೋಡೆಯ ಆಚೆ ಏನಿದೆ ಎಂಬುದು ಅವನಿಗೆ ತಿಳಿಯಬೇಕಾಗಿರಲಿಲ್ಲ. ಹಿರಿಯ ಸ್ವಾಮಿಗಳು ಒಂದು ದಿನ ಬಸ್ಸಿನಿಂದ ಇಳಿದವರೇ ಅಪ್ಪಣೆ ಮಾಡಿದರು: “ರೇವಣಯ್ಯನ್ನ ಹೈಸ್ಕೂಲಿಗೆ ಸೇರಿಸಿ. ಬೆಳಿಗ್ಗೆ, ಸಂಜೆ ನಿಮ್ಮಲ್ಲಿ. ನಡುವೆ ಅಲ್ಲಿ.”

ನಾನು ವಾದಿಸಿದೆ. ಕಾವಿ ಉಟ್ಟವನು ಬೆಂಚಿನ ಮೇಲೆ ಎಲ್ಲರ ಜೊತೆ ಕೂರುವುದೆಂದರೇನು, ಆಚಾರದ ಗತಿಯೇನು ಎಂದೆ.

“ನಾಳೆ ಇವನ ಮುಂದೆ ಬಂದು ಕೂರೋರೆಲ್ಲ ಆ ಬೆಂಚಿನಿಂದ್ಲೇ ಎದ್ದು ಬರ್ತಾರೆ ಶಾಸ್ತ್ರಿಗಳೇ. ಅವರ ತಲೇಲಿ ಏನೈತೆ ಅಂತ ಇವನಿಗೆ ಗೊತ್ತಿರಲಿ” ಎಂದರು. ಮಾತು ಮುಗಿಯಿತು.

ಶಾಲೆಯ ಹುಡುಗರು ಅವನನ್ನು ಬಿಡುತ್ತಾರೆಯೆ? “ಸ್ವಾಮೇರ, ಗಣಿತಕ್ಕ ಒಂದು ಮಂತ್ರ ಹಾಕ್ರೀ” ಎಂದು ಒಬ್ಬ ಕಾಡುತ್ತಿದ್ದನಂತೆ. ರೇವಣಯ್ಯ ಕಣ್ಣು ಮುಚ್ಚಿ, ಕೈ ಎತ್ತಿ, “ಮನೆಗೆ ಹೋಗಿ ಲೆಕ್ಕ ಮಾಡ್ಕೊಂಡು ಬಾ. ಮಂತ್ರ ಫಲಿಸ್ತೈತಿ” ಎನ್ನುತ್ತಿದ್ದನಂತೆ. ಇಂಗ್ಲಿಷು, ಜೀವಶಾಸ್ತ್ರ, ಭೂಗೋಳ ಎಲ್ಲವನ್ನೂ ಅವನು ನಮ್ಮ ಪಾಠಗಳಷ್ಟೇ ಶ್ರದ್ಧೆಯಿಂದ ಓದಿದ. ಸಂಜೆ ತರ್ಕದ ಪಾಠಕ್ಕೆ ಕುಳಿತಾಗ, ನೆತ್ತರು ಮೈಯಲ್ಲಿ ಹೇಗೆ ಸುತ್ತುತ್ತದೆ ಎಂದು ನನಗೇ ವಿವರಿಸುತ್ತಿದ್ದ. ನಾನು ಕೇಳಿಸಿಕೊಳ್ಳುತ್ತಿದ್ದೆ. ಶಿಷ್ಯನಿಂದ ಕೇಳಿಸಿಕೊಳ್ಳಬಲ್ಲವನ ಪಾಠ ಹಳಸುವುದಿಲ್ಲ.

ಅವನ ಮೊದಲ ಆಶೀರ್ವಚನ ಕುಬಟೂರಿನಲ್ಲಿ ನಡೆಯಿತು. ಸುಗ್ಗಿ ಮುಗಿದ ಕಣದಲ್ಲಿ ಭಕ್ತರು ಸೇರಿದ್ದರು. ರೇವಣಯ್ಯನ ಕಂಠ ಮಧುರವಾದದ್ದು. ಗಂಟೆಯ ನಾದದ ಹಾಗೆ ಕೊನೆಯ ಸಾಲಿನವರೆಗೂ ಹೋಗುತ್ತಿತ್ತು. ಜೀವ, ಈಶ್ವರ, ಮಾಯೆ ಎಂದು ದೊಡ್ಡ ಶಾಸ್ತ್ರಾರ್ಥವನ್ನೇ ಮಾಡಿದ. ಪಂಡಿತರ ಸಭೆಯಲ್ಲಾಗಿದ್ದರೆ ಶಾಲು ಹೊದಿಸುತ್ತಿದ್ದರು. ಕಣದಲ್ಲಿ ಗಂಡಸರು ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸಿದರು. ಮುಗಿದ ಮೇಲೆ ಒಬ್ಬ ಅಜ್ಜಿ ಪಾದಕ್ಕೆ ಬಿದ್ದು, “ಭಾಳ ಚೆಂದ ಹೇಳಿದ್ರಿ ಬುದ್ಧೀ. ಒಂದಕ್ಷರ ತಿಳೀಲಿಲ್ಲ ನೋಡ್ರಿ. ಅಷ್ಟು ದೊಡ್ಡದು ಹೇಳಿದ್ರಿ” ಎಂದಳು.

ಹಿಂತಿರುಗುವಾಗ ಬಸ್ಸಿನಲ್ಲಿ ರೇವಣಯ್ಯ ಕೇಳಿದ: “ಗುರುಗಳೇ, ನಾನು ಹೇಳಿದ್ದರಲ್ಲಿ ತಪ್ಪಿತ್ತೆ?”

“ಇರಲಿಲ್ಲ. ತರ್ಕದಲ್ಲಿ ದೃಷ್ಟಾಂತಕ್ಕೆ ಲಕ್ಷಣ ಏನು?”

“ಬಲ್ಲವನಿಗೂ ಬಾರದವನಿಗೂ ಸಮನಾಗಿ ಒಪ್ಪಿಗೆಯಾದ ವಸ್ತು.”

“ಆ ಅಜ್ಜಿಗೂ ನಿನಗೂ ಒಪ್ಪಿಗೆಯಾದ ವಸ್ತು ಒಂದಾದರೂ ನಿನ್ನ ಮಾತಿನಲ್ಲಿ ಇತ್ತೆ?”

ಆಮೇಲೆ ಅವನ ಮಾತಿನ ರೀತಿಯೇ ಬೇರೆಯಾಯಿತು. ಶಾಸ್ತ್ರ ಕಡಿಮೆಯಾಗಲಿಲ್ಲ, ಅದು ಒಳಕ್ಕೆ ಸರಿಯಿತು.

ಹಿರಿಯ ಸ್ವಾಮಿಗಳಿಗೆ ವಯಸ್ಸಾಯಿತು, ಕಾಲು ಸೋತವು. ರೇವಣಯ್ಯನಿಗೆ ಪಟ್ಟ ಕಟ್ಟಿಬಿಡಬೇಕೆಂದು ನಿಶ್ಚಯಿಸಿ ನಮ್ಮಿಬ್ಬರನ್ನೂ ಮೂಲ ಮಠಕ್ಕೆ ಕರೆಸಿಕೊಂಡರು. ಆ ಮಠದ ಪದ್ಧತಿಯೊಂದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಠಕ್ಕೆ ಐದು ಹಳ್ಳಿಗಳ ಒಕ್ಕಲು. ಪಟ್ಟಕ್ಕೆ ಮೊದಲು ಐದೂ ಹಳ್ಳಿಗಳ ಹಿರಿಯರು ಒಬ್ಬೊಬ್ಬರಾಗಿ ಬಂದು ಮರಿಯ ಕೈಗೆ ವೀಳ್ಯ ಕೊಡಬೇಕು. ಅದು ಒಪ್ಪಿಗೆ. ಒಂದು ಊರಿನ ವೀಳ್ಯ ತಪ್ಪಿದರೂ ಪಟ್ಟವಿಲ್ಲ. ಮರಿ ಕಾವಿ ಕಳಚಿಟ್ಟು ಹೆತ್ತವರ ಮನೆಗೆ ಹಿಂತಿರುಗಬೇಕು. ಗುರುವು ಆರಿಸಿದರೆ ಸಾಲದು, ದೈವವೂ ಒಪ್ಪಬೇಕು. ಊರ ಜನ ಸೇರಿದ್ದನ್ನೇ ನಮ್ಮ ಕಡೆ ದೈವವೆನ್ನುವುದು.

ಮಠವಿದ್ದ ಊರಿನ ಹಿರಿಯರು ಈರಣ್ಣಗೌಡರು. ಎತ್ತರದ ಆಳು, ನಿಷ್ಠಾವಂತ ಭಕ್ತರು, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ನೀರು ಮುಟ್ಟುವವರಲ್ಲ. ಅವರಿಗೆ ರುದ್ರಪ್ಪನೆಂಬ ತಮ್ಮ. ಅಣ್ಣನ ಮಾತೆಂದರೆ ಅವನಿಗೆ ಆಗಮ.

ನಾವು ಹೋಗುವ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಮರದ ಮೇಲಿನಿಂದ ಹಣ್ಣು ಉದುರಿದ ಹಾಗೆ ಬೀಳುತ್ತಿದ್ದವು ಎಂದು ಸೊಪ್ಪಿಗೆ ಹೋದವರು ಹೇಳಿದರು. ಅದರ ಹಿಂದೆಯೇ ಮನುಷ್ಯರಿಗೂ ಜ್ವರ ಬಂತು: ಮೈಕೈ ನೋವು, ಕಣ್ಣು ಕೆಂಪು, ಬಾಯಲ್ಲಿ ಮೂಗಲ್ಲಿ ರಕ್ತ. ಅದರ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಜನ ಮಂಗನ ಕಾಯಿಲೆ ಎಂದರು.

ನಮ್ಮ ಊರುಗಳಲ್ಲಿ ಸತ್ತ ಮಂಗನನ್ನು ಹಾಗೆಯೇ ಬಿಡುವುದಿಲ್ಲ. ಅದು ಹನುಮಂತರಾಯನ ಕುಲ. ಲಿಂಗವಂತರ ಹಿರಿಯರು ತೀರಿಕೊಂಡರೆ ಹೇಗೆ ಕೂರಿಸಿ, ವಿಭೂತಿ ಹಚ್ಚಿ, ಬಿದಿರಿನ ವಿಮಾನ ಕಟ್ಟಿ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆಯೋ ಹಾಗೆಯೇ ಮಂಗನನ್ನೂ ಒಯ್ದು, ಗುಡಿಯ ಹಿಂದೆ ಸಮಾಧಿ ಮಾಡುತ್ತಾರೆ. ಹಾಲು ಎರೆಯುತ್ತಾರೆ. ಆ ವರ್ಷ ಮಂಗಗಳು ಹೆಚ್ಚು ಸತ್ತಷ್ಟೂ ವಿಮಾನಗಳು ಹೆಚ್ಚಾದವು. ದೇವರ ಕೋಪ ಇಳಿಯಲೆಂದು ಜನ ಮುಗಿಬಿದ್ದು ಹೆಗಲು ಕೊಟ್ಟರು. ರುದ್ರಪ್ಪನದು ಯಾವಾಗಲೂ ಮುಂದಿನ ಹೆಗಲು.

ಸರ್ಕಾರ ಕಳಿಸಿದ ಡಾಕ್ಟರೊಬ್ಬರು ಡೇರೆ ಹಾಕಿಕೊಂಡು ಇಳಿದಿದ್ದರು. ಪರಸ್ಥಳದವರು, ಕನ್ನಡ ಬಾರದು. ಸತ್ತ ಮಂಗನನ್ನು ಮುಟ್ಟಬೇಡಿ, ನಮಗೆ ತಿಳಿಸಿ ಎಂದು ಡಂಗುರ ಹೊಡೆಸಿದರು. ಒಂದು ಬೆಳಿಗ್ಗೆ ರೇವಣಯ್ಯ ನನ್ನನ್ನೂ ಕರೆದುಕೊಂಡು ಅವರ ಡೇರೆಗೆ ಹೋದ. ಇಬ್ಬರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತನಾಡಿದರು. ಶಾಸ್ತ್ರಾರ್ಥದಲ್ಲಿ ಹೇಗೆ ಪೂರ್ವಪಕ್ಷವನ್ನು ತಿರುವಿ ತಿರುವಿ ನೋಡುತ್ತಾನೋ ಹಾಗೆ ಅವನು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದನೆಂದು ದನಿಯಿಂದಲೇ ನನಗೆ ತಿಳಿಯುತ್ತಿತ್ತು. ಹೊರಗೆ ಬಂದ ಮೇಲೆ ಹೇಳಿದ: “ಮಂಗನ ಮೈಮೇಲೆ ರಕ್ತ ಹೀರೋ ಉಣುಗು ಹುಳ ಇರುತ್ತಲ್ಲ, ಅದು ಕಚ್ಚಿ ಜ್ವರ ಬರುತ್ತೆ ಅಂತ ಅವರ ಅನುಮಾನ. ಮನುಷ್ಯರಿಂದ ಮನುಷ್ಯರಿಗೆ ದಾಟಿದ್ದನ್ನ ಅವರು ಎಲ್ಲೂ ಕಂಡಿಲ್ಲ. ಪಕ್ಕದಲ್ಲಿ ಕೂತು ಗಂಜಿ ಕುಡಿಸಿದೋರಿಗೆ ಬಂದಿಲ್ಲ. ಕಾಡಿಗೆ ಹೋದೋರಿಗೆ, ಮಂಗನ್ನ ಹೊತ್ತೋರಿಗೆ ಬಂದಿದೆ.”

ಮಠದ ಪಡಸಾಲೆಯಲ್ಲಿ ಊರ ಸಭೆ ಸೇರಿತು. ರೇವಣಯ್ಯ ಎದ್ದು, ಸತ್ತ ಮಂಗನನ್ನು ಯಾರೂ ಮುಟ್ಟಬಾರದು ಎಂದ. ಗೌಡರು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು.

“ನಮ್ಮ ಹನುಮಪ್ಪನ್ನ ಜೀಪಿಗೆ ಹಾಕ್ಕೊಂಡು ಹೋಗಿ ಕೊಯ್ತಾರಂತೆ. ಉಳಿದದ್ದನ್ನ ಸುಡ್ತಾರಂತೆ. ಸುಡಾದು ನಮ್ಮಲ್ಲಿ ಐತೇನ್ರೀ? ಅದಕ್ಕೆ ಮಠ ಹೂಂ ಅನ್ನಬೇಕಾ?”

“ಗೌಡ್ರೇ, ಜೀವ ಉಳೀಲಿ ಅಂತ ಹೇಳ್ತಿದೀನಿ.”

“ಸತ್ತೋರನ್ನ ಮುಟ್ಟದೇ ಮಣ್ಣು ಮಾಡಾದು ಯಾವ ಶಾಸ್ತ್ರದಲ್ಲೈತೆ? ಶಿಕಾರಿಪುರದ ಇಸ್ಕೂಲಲ್ಲಿ ಹೇಳಿಕೊಟ್ರಾ?”

ಜನ ನಕ್ಕರು. ಗೌಡರು ನಗಲಿಲ್ಲ. ಹಿರಿಯ ಸ್ವಾಮಿಗಳ ಕಡೆಗೆ ತಿರುಗಿ ಕೈ ಮುಗಿದು, “ತಪ್ಪು ತಿಳೀಬ್ಯಾಡ್ರಿ ಬುದ್ಧೀ. ದೇವರ ಹೆಣಕ್ಕೆ ಹೆಗಲು ಕೊಡಬ್ಯಾಡ ಅನ್ನೋ ಮರಿಗೆ ನಮ್ಮೂರ ವೀಳ್ಯ ಇಲ್ಲ” ಎಂದರು.

ಅಷ್ಟು ವರ್ಷಗಳ ಓದು ಒಂದು ಎಲೆಯ ಮೇಲೆ ನಿಂತಿತು. ಹಿರಿಯ ಸ್ವಾಮಿಗಳು ಕಣ್ಣು ತೆರೆದು, “ವೀಳ್ಯ ನಿಂದು ಗೌಡ. ಕೊಡೋದೂ ನಿಂದು, ಬಿಡೋದೂ ನಿಂದು” ಎಂದಷ್ಟೇ ಹೇಳಿ ಒಳಗೆ ಹೋದರು. ಶಿಷ್ಯನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆಗ ನನಗೆ ಬೇಸರವಾಯಿತು. ಈಗ ಯೋಚಿಸಿದರೆ, ಅವರು ಮಾತನಾಡಿದ್ದರೆ ಪಟ್ಟದ ಬೆಲೆ ಅಂದೇ ಮುಗಿದುಹೋಗುತ್ತಿತ್ತು. ಗುರುವಿನ ಬಲದಿಂದ ಗೆದ್ದವನ ಮಾತನ್ನು ಊರು ಮುಂದೆಂದೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ರೇವಣಯ್ಯ ನನ್ನ ಬಳಿಗೆ ಬಂದು ಕುಳಿತ. ವೀಳ್ಯದ ಮಾತು ಎತ್ತುತ್ತಾನೆಂದು ನಾನು ತಿಳಿದಿದ್ದೆ.

“ಗುರುಗಳೇ, ದೇಹ ಸಿಗದ ಕಡೆ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ವಿಧಿಯನ್ನು ಪಾಠ ಮಾಡಿದ್ದಿರಿ. ದೇಹ ಇದ್ದೂ ಮುಟ್ಟಬಾರದಾಗಿದ್ದರೆ ಆ ವಿಧಿ ಸಲ್ಲುತ್ತದೆಯೆ?”

ಆ ಪ್ರಶ್ನೆಯನ್ನು ನನ್ನ ಗುರುಗಳು ನನಗೆ ಕೇಳಿರಲಿಲ್ಲ, ನಾನು ಯಾರಿಗೂ ಕೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿದೆ. ವಿಧಿಯ ಹೃದಯವಿರುವುದು ಸತ್ತವರ ಸದ್ಗತಿಯಲ್ಲಿ. ದೇಹ ದೊರೆಯದಿರಲು ಕಾರಣ ದೂರವಾದರೇನು, ಅಪಾಯವಾದರೇನು? “ಸಲ್ಲುತ್ತದೆ” ಎಂದೆ. “ಕೇಳಿದವರಿಗೆ ನಾನು ಹೇಳಿದೆನೆಂದು ಹೇಳು.”

ಅವನು ಕೆರೆಯಂಗಳದಿಂದ ಜಿಗುಟು ಮಣ್ಣು ತರಿಸಿದ. ಅಂಗಳದಲ್ಲಿ ಕುಳಿತು ಸಂಜೆಯೊಳಗೆ ಒಂದು ಮಂಗನನ್ನು ಮಾಡಿದ. ಕೈ ಜೋಡಿಸಿ, ಕತ್ತು ಒಂದಿಷ್ಟು ಬಾಗಿಸಿ ಕುಳಿತ ಮುದಿ ಮಂಗ. ನೀರು ತರಲು ಬಂದ ಹೆಂಗಸರು ಕೊಡ ಕೆಳಗಿಟ್ಟು ಕೈ ಮುಗಿದರು.

ಮರುದಿನ ಊರ ಗದ್ದೆಯ ಬದುವಿನಲ್ಲಿ ಮತ್ತೊಂದು ಮಂಗ ಸತ್ತುಬಿತ್ತು. ಗೌಡರ ಕಡೆಯವರು ಬಿದಿರು ಕಡಿದು ತರುವಷ್ಟರಲ್ಲಿ ರೇವಣಯ್ಯ ಮಣ್ಣಿನ ಮೂರ್ತಿಯನ್ನು ಹಲಗೆಯ ಮೇಲಿಟ್ಟುಕೊಂಡು ಬಂದ. ಗೌಡರು ನೋಡಿ, “ಓಹೋ, ಮಣ್ಣಿಗೇ ಮಣ್ಣು ಕೊಡಾದಾ!” ಎಂದರು.

ರೇವಣಯ್ಯ ಹತ್ತಿರ ನಿಂತಿದ್ದ ಒಬ್ಬ ಮುದುಕಿಯನ್ನು ಕೇಳಿದ: “ಅವ್ವಾ, ನಿಮ್ಮ ಮಾವ ಶ್ರೀಶೈಲಕ್ಕೆ ನಡಕೊಂಡು ಹೋದೋರು ಬರಲೇ ಇಲ್ಲ ಅಂತಿದ್ರಲ್ಲ. ಅವರಿಗೆ ಏನು ಮಾಡಿದ್ರಿ?”

“ಏನು ಮಾಡಾದು ಬುದ್ಧೀ, ಕಣಕದ ಗೊಂಬೆ ಮಾಡಿ, ಕೂರಿಸಿ, ಮಣ್ಣು ಕೊಟ್ವಿ.”

“ಅವರಿಗೆ ಸದ್ಗತಿ ಆಯ್ತಾ?”

“ಆಗದೇ ಏನು! ಅವರ ಹೆಸರಿಟ್ಟ ಮೊಮ್ಮಗ ನೋಡ್ರಿ ಅಲ್ಲಿ, ಕೋಣನ ಹಂಗೆ ನಿಂತಾನೆ.”

ಎಲ್ಲರೂ ನಕ್ಕರು. ಆ ನಗೆಯಲ್ಲಿ ಅರ್ಧ ಕೆಲಸ ಮುಗಿಯಿತು. ರೇವಣಯ್ಯ ಮಂತ್ರ ಹೇಳಿದ, ಆ ಕಂಠ ಗದ್ದೆ ಬಯಲಿನ ತುಂಬ ಹರಡಿತು. ಮಣ್ಣಿನ ಹನುಮಂತರಾಯನಿಗೆ ವಿಮಾನವೂ ಆಯಿತು, ಡೊಳ್ಳೂ ಆಯಿತು, ಹಾಲೂ ಆಯಿತು. ಸತ್ತ ಮಂಗನನ್ನು ಡಾಕ್ಟರ ಜನ ಒಯ್ದರು. ಉಳಿದ ನಾಲ್ಕು ಊರುಗಳವರೂ ಬಂದು ಮೂರ್ತಿ ಮಾಡಿಸಿಕೊಂಡು ಹೋದರು. ಗೌಡರು ಮಾತ್ರ ಮಠದ ಕಡೆಗೆ ಬರುವುದನ್ನೇ ಬಿಟ್ಟರು. ತಮ್ಮ ಊರಿನವರೇ ತಮ್ಮ ಹಿಂದೆ ಬರಲಿಲ್ಲವೆಂಬುದು ಅವರಿಗೆ ಹೆಚ್ಚು ನೋವಾಗಿತ್ತು.

ಕೆಲವು ದಿನಗಳಲ್ಲಿ ರುದ್ರಪ್ಪನಿಗೆ ಜ್ವರ ಬಂತು. ಮೊದಲಿನ ವಿಮಾನಗಳಿಗೆ ಹೆಗಲು ಕೊಟ್ಟದ್ದರಿಂದಲೋ, ಸೊಪ್ಪಿಗೆ ಕಾಡಿಗೆ ಹೋದದ್ದರಿಂದಲೋ ನಾನು ಹೇಳಲಾರೆ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ರುದ್ರಪ್ಪ ಉಳಿಯಲಿಲ್ಲ.

ಅಂದು ಬೆಳಿಗ್ಗೆ ಮಠಕ್ಕೆ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಸುದ್ದಿ: ಹೆಣಕ್ಕೆ ಹೆಗಲು ಕೊಡಲು ಯಾರೂ ಬರುತ್ತಿಲ್ಲ. ಕ್ರಿಯೆ ಮಾಡಿಸುವ ಊರ ಅಯ್ಯನವರು ಬಾಗಿಲು ಹಾಕಿಕೊಂಡಿದ್ದಾರೆ. ಸುದ್ದಿ ತಂದವನನ್ನು ನಾನು ಯಾಕೆಂದು ಕೇಳಿದೆ.

“ಮುಟ್ಟಬಾರದು ಅಂತ ಮರಿದೇವರೇ ಹೇಳಿದ್ರಲ್ರೀ” ಎಂದ.

ಜನ ರೇವಣಯ್ಯನ ಮಾತನ್ನು ಕೇಳಿದ್ದರು. ಕೇಳಿದ ಮಾತನ್ನು ಮಂಗನಿಂದ ಮನುಷ್ಯನಿಗೂ ಹಿಗ್ಗಿಸಿದ್ದರು. ಹಿರಿಯ ಸ್ವಾಮಿಗಳು ಆಸನದಿಂದ ಏಳಲಾರದ ಸ್ಥಿತಿಯಲ್ಲಿದ್ದರು. ರೇವಣಯ್ಯ ಅವರ ಎದುರು ನಿಂತ.

“ಏನು ಯೋಚನೆ?” ಎಂದರು ಅವರು.

“ಡಾಕ್ಟರು ಜ್ವರ ದಾಟಿದ್ದು ಕಂಡಿಲ್ಲ ಅಂದರು. ದಾಟೋದೇ ಇಲ್ಲ ಅನ್ನಲಿಲ್ಲ.”

“ಹಂಗಾದ್ರೆ?”

“ಹೋಗಿ ಬರ್ತೀನಿ” ಎಂದ ರೇವಣಯ್ಯ. ಅವರು ವಿಭೂತಿ ಕೊಟ್ಟರು.

ನಾನು ಅವನ ಹಿಂದೆಯೇ ಹೋದೆ. ಗೌಡರ ಅಂಗಳದಲ್ಲಿ ರುದ್ರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವನ ಹೆಂಡತಿ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಿದ್ದಳು. ಗೌಡರೊಬ್ಬರೇ ಬಿದಿರು ಸೀಳುತ್ತಿದ್ದರು. ಊರ ಜನ ಬೀದಿಯ ಕೊನೆಯಲ್ಲಿ ಗುಂಪಾಗಿ ನಿಂತಿದ್ದರು. ಗೌಡರು ತಲೆ ಎತ್ತಿ ರೇವಣಯ್ಯನನ್ನು ನೋಡಿದರು.

“ಯಾಕೆ ಬಂದ್ರಿ? ನನ್ನ ತಮ್ಮಗೂ ಮಣ್ಣಿನ ಗೊಂಬೆ ತಂದ್ರಾ?”

“ಇಲ್ಲ ಗೌಡ್ರೇ. ಇವನನ್ನ ಮುಟ್ಟಬಹುದು.”

ಅವನು ಉತ್ತರೀಯ ಸೊಂಟಕ್ಕೆ ಬಿಗಿದು, ನೀರು ಕೇಳಿ, ತಾನೇ ರುದ್ರಪ್ಪನಿಗೆ ಸ್ನಾನ ಮಾಡಿಸಿದ. ತಲೆಗೂದಲು, ಕಂಕುಳು, ಕಿವಿಯ ಹಿಂದೆ ಎಲ್ಲೆಡೆ ನೋಡಿದ. ಒಣ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟ. ಅನಂತರ ಬೀದಿಯ ಕಡೆಗೆ ತಿರುಗಿದ. ದನಿ ಏರಿಸಲಿಲ್ಲ.

“ಮಂಗನ್ನ ಮುಟ್ಟಬ್ಯಾಡ್ರಿ ಅಂದೋನು ನಾನೇ. ಅದರ ಮೈಮೇಲೆ ಉಣುಗು ಇರುತ್ತೆ, ಅದಕ್ಕೆ. ರುದ್ರಪ್ಪನ ಮೈಮೇಲೆ ಇಲ್ಲ, ನೋಡಿದೀನಿ. ನನ್ನ ಮಾತು ಬ್ಯಾಡ. ಈಕೆ ಹಗಲೂ ರಾತ್ರಿ ಗಂಡನ ತಲೆ ತೊಡೆ ಮೇಲಿಟ್ಕೊಂಡಿದ್ಲು. ಆ ರಕ್ತ ಒರೆಸಿದೋಳು ಈಕೆ. ಗಟ್ಟಿಯಾಗಿ ಕೂತಾಳೆ, ನೋಡ್ರಿ.”

ಜನ ನೋಡಿದರು. ಯಾರೂ ಹೆಜ್ಜೆ ಎತ್ತಲಿಲ್ಲ.

ನಮ್ಮಲ್ಲಿ ಲಿಂಗೈಕ್ಯರಾದವರ ತಲೆಯ ಮೇಲೆ ಗುರು ಪಾದವಿಡಬೇಕು. ಅದಿಲ್ಲದೆ ಕ್ರಿಯೆ ಪೂರ್ಣವಲ್ಲ. ಗೌಡರು ಕಣ್ಣೆತ್ತಿಯೂ ಕೇಳಲಿಲ್ಲ. ಕೇಳುವ ಧೈರ್ಯ ಅವರಿಗೆ ಇರಲಿಲ್ಲವೆಂದು ನನಗನ್ನಿಸಿತು. ರೇವಣಯ್ಯ ಪಾದುಕೆ ಬಿಟ್ಟು, ಬರಿಯ ಬಲಪಾದವನ್ನು ರುದ್ರಪ್ಪನ ಶಿರದ ಮೇಲಿಟ್ಟು, ಮಂತ್ರ ಮುಗಿಯುವವರೆಗೆ ಅಲ್ಲಾಡದೆ ನಿಂತ. ಅವನ ಕಂಠವನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೆ. ಆ ಅಂಗಳದಲ್ಲಿ ಕೇಳಿದ ಹಾಗೆ ಎಂದೂ ಕೇಳಿರಲಿಲ್ಲ.

ಬಳಿಕ ಬಾಗಿ, ವಿಮಾನದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಮಠದ ಮರಿ ಹೆಣ ಹೊರುವುದು ನಮ್ಮಲ್ಲಿ ಇಲ್ಲ. ಗೌಡರು ಎರಡನೆಯ ಬಿದಿರು ಹಿಡಿದರು. ಹಿಂದೆ ಒಂದು ಕಡೆ ನಾನು ನಿಂತೆ. ಇನ್ನೊಂದು ಕಡೆ ಖಾಲಿ ಇತ್ತು. ಶ್ರೀಶೈಲದ ಅಜ್ಜನ ಹೆಸರಿನ ಆ ಮೊಮ್ಮಗ ಗುಂಪಿನಿಂದ ಬಿಡಿಸಿಕೊಂಡು ಬಂದ. ಅವನ ಹಿಂದೆ ಇನ್ನಿಬ್ಬರು. ಹೊಲದ ದಾರಿ ಹಿಡಿಯುವ ಹೊತ್ತಿಗೆ ನನ್ನನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, “ಬಿಡ್ರಿ ಶಾಸ್ತ್ರಿಗಳೇ, ನಿಮಗೆ ವಯಸ್ಸಾತು” ಎಂದು ಹೆಗಲು ಬದಲಿಸುವಷ್ಟು ಜನ ಸೇರಿದ್ದರು. ಆ ಜನರಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಹೊಸ ಅಧ್ಯಾಪಕರು ಕೇಳಬಹುದು: ಇದರಲ್ಲಿ ಯಾವ ಪಾಠ ಅವನಿಗೆ ಒದಗಿತು? ನಾನು ಹೇಳಿದ ತರ್ಕವೋ, ಹೈಸ್ಕೂಲಿನ ಜೀವಶಾಸ್ತ್ರವೋ, ಗುಡಿಗಾರರ ಜಗುಲಿಯ ಮಣ್ಣೋ? ಇವೆಲ್ಲ ಅವನನ್ನು ಗೌಡರ ಬಾಗಿಲವರೆಗೆ ತಂದು ಬಿಟ್ಟವು. ಪಾದವೆತ್ತಿ ಇಟ್ಟದ್ದು ಓದಲ್ಲ. ಅದನ್ನು ನಾವು ಕಲಿಸಲಾರೆವು. ಆದರೆ ಕರೆ ಬಂದಾಗ ಶಿಷ್ಯ ಬರಿಗೈಯಲ್ಲಿ ನಿಲ್ಲದಂತೆ ನೋಡಿಕೊಳ್ಳಬಲ್ಲೆವು. ನಮ್ಮ ಉದ್ಯೋಗ ಅಷ್ಟೇ, ಅದು ಕಡಿಮೆಯದಲ್ಲ.

ಸಮಾಧಿಯ ಮೇಲೆ ಪತ್ರೆ ಹಾಕಿ ಎಲ್ಲರೂ ಹಿಂತಿರುಗುವಾಗ ಗೌಡರು ರೇವಣಯ್ಯನ ಹತ್ತಿರ ಬಂದರು. “ಬುದ್ಧೀ” ಎಂದರು. ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಮುಗಿದರು.

ಮುಂಗಾರಿಗೆ ಮೊದಲು ಪಟ್ಟ ನಡೆಯಿತು. ಐದು ಊರುಗಳ ಹಿರಿಯರು ಸಾಲಾಗಿ ಕುಳಿತರು. ಗೌಡರ ಸರದಿ ಕೊನೆಗೆ ಬಂತು. ಎಲೆಯ ಮೇಲೆ ಅಡಕೆ ಇಟ್ಟು ಎರಡೂ ಕೈಯಲ್ಲಿ ಹಿಡಿದು, “ನಮ್ಮೂರ ವೀಳ್ಯ ಬುದ್ಧೀ. ತಡ ಮಾಡಿಬಿಟ್ಟೆ” ಎಂದರು.

ಪಟ್ಟವಾದ ಬಳಿಕ ಹೊಸ ಗುರುವಿನ ಪಾದಕ್ಕೆ ಎಲ್ಲರಿಗಿಂತ ಮೊದಲು ಎರಗಬೇಕಾದವನು ಅವರನ್ನು ಓದಿಸಿದ ಅಧ್ಯಾಪಕ. ನಾನು ಗದ್ದುಗೆಯ ಬಳಿಗೆ ಹೋದೆ. ಹೊಸ ಸ್ವಾಮಿಗಳು ಗಾಬರಿಯಾಗಿ ಎದ್ದು ನಿಲ್ಲಲು ಹೋದರು.

“ಗುರುಗಳೇ, ಬೇಡ. ನೀವು ಬೇಡ.”

ಹಿರಿಯ ಸ್ವಾಮಿಗಳು ಪಕ್ಕದಿಂದ ಅವರ ಮೊಣಕೈ ಹಿಡಿದು ಕೂರಿಸಿದರು. “ಕೂತ್ಕೋ. ಅವರು ಎರಗೋದು ನಿನಗಲ್ಲ, ಗದ್ದುಗೆಗೆ. ಅದನ್ನೂ ಅವರೇ ಹೇಳಿಕೊಡಲಿ” ಎಂದರು.

ಅವರು ಕುಳಿತರು. ಕಣ್ಣು ತುಂಬಿತ್ತು, ಆದರೆ ಪಾದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಬಾಗಿ ಹಣೆ ಮುಟ್ಟಿಸಿದೆ.